ಮನೆಗೆ ಅಂತರ್ಜಾಲ: ಆರಿಸಿಕೊಳ್ಳುವ ಬಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂದಿನ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದಾಗ, ಸಾಹಿತ್ಯವನ್ನೋ ನಾಡುನುಡಿಯನ್ನೋ ಕುರಿತು ಮಾತನಾಡುವೆವೆಂದು ತಾವು ಎಣಿಸಿದ್ದಿರಬಹುದು. ನಾವು ಆರಿಸಿಕೊಂಡ ವಿಷಯ ಅಷ್ಟು ಎತ್ತರದ್ದಲ್ಲ. ಮನೆಗೆ ಅಂತರ್ಜಾಲದ ಸಂಪರ್ಕವನ್ನು ಯಾರಿಂದ ಪಡೆಯಬೇಕು, ಯಾವ ದರದ ಯೋಜನೆಯನ್ನು ಒಪ್ಪಬೇಕು ಎಂಬುದೇ ಇಂದಿನ ವಿಷಯ. ಆದರೆ ಕೊನೆಯವರೆಗೆ ಸಹನೆಯಿಂದ ಕೇಳಿದರೆ, ಇದು ನಮ್ಮ ನಾಡುನುಡಿಗೂ ಸಂಬಂಧಿಸಿದ ಮಾತೇ ಎಂಬುದು ತಮಗೆ ಮನವರಿಕೆಯಾಗುವುದೆಂದು ನಂಬಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇವೆ. ಎರಡು ವರ್ಷಗಳ ಹಿಂದೆ ಸಂಘದ ವಾಚನಾಲಯಕ್ಕೆ ಅಂತರ್ಜಾಲ ಬೇಕೆಂದು ದಾನಿಗಳಿಂದ ಹಣ ಕೂಡಿಸಿದೆವು. ಒಂದು ಸಂಸ್ಥೆಯವರ ಭಿತ್ತಿಪತ್ರದಲ್ಲಿ 100 ಎಂಬ ಅಂಕೆ ಅಂಗೈಯಗಲದ ಅಕ್ಷರಗಳಲ್ಲಿತ್ತು. ಅದರ ಕೆಳಗೆ 'ಅಪರಿಮಿತ' ಎಂದಿತ್ತು. ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದರೆ ಯಂತ್ರ ಉಚಿತವೆಂದರು. ಕಟ್ಟಿದೆವು. ಮಳೆಗಾಲದಲ್ಲಿ ರಸ್ತೆ ಅಗೆಯುವವರ ಯಂತ್ರಕ್ಕೆ ಸಿಕ್ಕಿ ತಂತಿ ಕಡಿಯಿತು. ದೂರು ಹೇಳಿದೆವು, 'ನಾಳೆ ಬರುತ್ತಾರೆ' ಎಂದರು. ಆ ನಾಳೆ ಬರಲು 19 ದಿನ ಹಿಡಿಯಿತು. ಅಷ್ಟರಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗಿ, ಮಗ್ಗದ ಕೆಲಸದವರ ಮಗಳು, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕಾಗದಪತ್ರಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂರು ಸಂಜೆ ವಾಚನಾಲಯಕ್ಕೆ ಬಂದು ಹೋದಳು. ನಾವೂ 'ನಾಳೆ ಬಾರಮ್ಮಾ' ಎನ್ನುತ್ತಲೇ ಇದ್ದೆವು. ಕೊನೆಯ ದಿನ ಕಳೆದುಹೋಯಿತು. "ಇರ್ಲಿ ಬಿಡ್ರೀ ಸರ, ಮುಂದಿನ ವರ್ಷ ಹಾಕ್ತೀನಿ" ಎಂದಳು. ಮುಂದಿನ ವರ್ಷ ಅವಳು ಆ ತರಗತಿಯಲ್ಲಿ ಇರುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ತಂತಿ ಕಡಿದದ್ದು ನಮ್ಮ ತಪ್ಪಲ್ಲದಿರಬಹುದು. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳದೆ ಪರರು ಕೊಟ್ಟ ಹಣವನ್ನು ಸುರಿದದ್ದು ನಿಸ್ಸಂದೇಹವಾಗಿ ನಮ್ಮ ತಪ್ಪು. ಆ ಪ್ರಶ್ನೆಗಳು ಯಾವುವೆಂಬುದನ್ನು ಅಂದಿನಿಂದ ಕಲಿಯುತ್ತ ಬಂದಿದ್ದೇವೆ. ಕಲಿತುದನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ. ಇಂಥ ಸಂಸ್ಥೆ ಒಳ್ಳೆಯದು, ಇಂಥದು ಕೆಟ್ಟದು ಎಂದು ತೀರ್ಪು ಕೊಡಲು ನಾವು ಬಂದಿಲ್ಲ. ಒಂದು ಓಣಿಯಲ್ಲಿ ಒಳ್ಳೆಯದಾದದ್ದು ಪಕ್ಕದ ಓಣಿಯಲ್ಲಿ ಕೆಟ್ಟದ್ದಾಗಿರುವುದನ್ನು ಕಣ್ಣಾರೆ ಕಂಡಿದ್ದೇವೆ.

ನಮ್ಮ ಊರುಗಳಲ್ಲಿ ಬಟ್ಟೆ ನೋಡಿ ಕೊಳ್ಳುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಗದ್ವಾಲದ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು. ಬಲ್ಲ ಗೃಹಿಣಿ ಜರಿಯ ಹೊಳಪಿಗೆ ಮರುಳಾಗದೆ, ಒಡಲೂ ಅಂಚೂ ಕೂಡಿದ ಜಾಗವನ್ನು ಬೆರಳಿನಿಂದ ಒತ್ತಿ ನೋಡುತ್ತಾಳೆ. ಕೂಡಿಕೆ ಗಟ್ಟಿಯಾಗಿದ್ದರೆ ಸೀರೆ ಗಟ್ಟಿ. ಅಂತರ್ಜಾಲದ ವಿಷಯವೂ ಹೀಗೆಯೇ. ಹೈದರಾಬಾದಿನಿಂದ ಊರಿನವರೆಗೆ ಬರುವ ದೊಡ್ಡ ಮಾರ್ಗ ಎಲ್ಲ ಸಂಸ್ಥೆಗಳದ್ದೂ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತದೆ. ಓಣಿಯ ಕಂಬದಿಂದ ನಮ್ಮ ಮನೆಯ ಗೋಡೆಯವರೆಗಿನ ಕೊನೆಯ ತುಂಡು, ಅದೇ ಕೂಡಿಕೆ. ಪರೀಕ್ಷಿಸತಕ್ಕದ್ದು ಅದನ್ನು.

ಮನೆಗೆ ಅಂತರ್ಜಾಲ ಬರುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಗಾಜಿನ ಎಳೆ, ಎಂದರೆ ಫೈಬರ್. ಕೂದಲಿನಷ್ಟು ತೆಳುವಾದ ಗಾಜಿನೊಳಗೆ ಬೆಳಕು ಓಡಿ ಸುದ್ದಿಯನ್ನು ಒಯ್ಯುತ್ತದೆ. ಹಿಂದಿನ ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ವೇಗ ಕುಂದುತ್ತಿತ್ತು. ಇದರಲ್ಲಿ ಆ ದೋಷ ಊರಿನೊಳಗಿನ ದೂರಕ್ಕೆ ಇಲ್ಲವೆನ್ನಬಹುದು. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೊದಲಾದ ಸಂಸ್ಥೆಗಳು ಈ ಬಗೆಯ ಸೇವೆ ನಡೆಸುತ್ತವೆ. ಚಿಕ್ಕ ಊರುಗಳಲ್ಲಿ ಬಿಎಸ್‌ಎನ್‌ಎಲ್ಲಿನ ಫೈಬರ್ ಸೇವೆಯನ್ನು ಸ್ಥಳೀಯ ಪಾಲುದಾರರು, ಹಲವೆಡೆ ಊರಿನ ಕೇಬಲ್ ಟಿವಿಯವರೇ, ಆದಾಯದ ಪಾಲಿನ ಮೇಲೆ ಮನೆಗೆ ತಲುಪಿಸುವ ಪದ್ಧತಿಯಿದೆ. ಎರಡನೆಯದು ಗಾಳಿಯ ಮೂಲಕ ಬರುವ ಸ್ಥಿರ ಸಂಪರ್ಕ. ಮಾಳಿಗೆಯ ಮೇಲೆ ಒಂದು ಪೆಟ್ಟಿಗೆಯನ್ನಿಟ್ಟು 5ಜಿ ಗೋಪುರದಿಂದ ಅಲೆಗಳನ್ನು ಹಿಡಿಯುವ ಈ ಬಗೆಯನ್ನು 2023ನೆಯ ಇಸವಿಯಲ್ಲಿ ಏರ್‌ಟೆಲ್ ಮತ್ತು ಜಿಯೋ ಸಂಸ್ಥೆಗಳು 'ಏರ್‌ಫೈಬರ್' ಎಂಬ ಹೆಸರಿನಿಂದ ಆರಂಭಿಸಿದವು. ಹೆಸರಿನಲ್ಲಿ ಫೈಬರ್ ಎಂದಿದ್ದರೂ ಮನೆಗೆ ಗಾಜಿನ ಎಳೆ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಮೂರನೆಯದು ನಮ್ಮ ಜೇಬಿನ ಮೊಬೈಲ್ ಫೋನೇ.

ಇವುಗಳ ಜೊತೆಗೆ ಸರ್ಕಾರದ ಮಾರ್ಗವೂ ಒಂದಿದೆ. ಗ್ರಾಮ ಪಂಚಾಯತಿಗಳಿಗೆಲ್ಲ ಗಾಜಿನ ಎಳೆ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಮೇಲೆ ಭಾರತ್‌ನೆಟ್ ಎಂದು ಹೆಸರಾಯಿತು. ತೆಲಂಗಾಣ ಸರ್ಕಾರವು ಟಿ-ಫೈಬರ್ ಎಂಬ ಸ್ವಂತ ಯೋಜನೆಯನ್ನು 2024ರ ಡಿಸೆಂಬರ್ ತಿಂಗಳಲ್ಲಿ ಕೆಲವೇ ಗ್ರಾಮಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದಾಗ, ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಅವುಗಳಲ್ಲಿ ಒಂದಾಗಿತ್ತು. ತಮ್ಮ ಊರಿನ ಪಂಚಾಯತಿ ಕಟ್ಟಡಕ್ಕೆ ಎಳೆ ಬಂದಿದೆಯೇ, ಬಂದಿದ್ದರೆ ಅದು ಕೆಲಸ ಮಾಡುತ್ತಿದೆಯೇ, ಅಲ್ಲಿಂದ ಮನೆಗಳಿಗೆ ಕೊಡುತ್ತಾರೆಯೇ ಎಂದು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ. ಮೊದಲನೆಯದಕ್ಕೆ 'ಹೌದು' ಎಂದರೆ ಮಿಕ್ಕ ಎರಡಕ್ಕೂ ಹೌದೆಂದು ತಿಳಿಯಬಾರದು.

ಗಡಿಯವರಾದ ನಮಗೆ ಇನ್ನೊಂದು ತೊಡಕುಂಟು. ಕೃಷ್ಣಾ ಮಂಡಲದವರಿಗೆ ರಾಯಚೂರು ಹೊಳೆಯಾಚೆಯ ಮನೆಯಿದ್ದಂತೆ. ಸಂತೆ, ಆಸ್ಪತ್ರೆ, ಬೀಗತನ ಎಲ್ಲವೂ ಅಲ್ಲಿಯೇ. ಆದರೆ ದೂರಸಂಪರ್ಕದ ಪರವಾನಗಿಯ ವಲಯಗಳಲ್ಲಿ ಕರ್ನಾಟಕವೇ ಬೇರೆ. ತೆಲಂಗಾಣವು ಆಂಧ್ರಪ್ರದೇಶವೆಂಬ ವಲಯದಲ್ಲಿ ಸೇರಿದೆ. ಆದುದರಿಂದ ರಾಯಚೂರಿನ ನೆಂಟರ ಮನೆಯಲ್ಲಿ ಕಂಡ ಯೋಜನೆ ನಮ್ಮಲ್ಲಿಯೂ ದೊರಕೀತೆಂದು ನಂಬಿ ಕೂಡ್ರಬಾರದು. ದೂರು ಹೇಳಲು ಕರೆ ಮಾಡಿದರೆ ತೆಲುಗು, ಹಿಂದಿ, ಇಂಗ್ಲಿಷ್ ಇವುಗಳೇ ಮೊದಲು ಕೇಳಬಹುದು. ಕನ್ನಡದಲ್ಲಿ ಮಾತನಾಡುವವರು ಬೇಕೆಂದು ವಿನಯದಿಂದಲೇ ಕೇಳಬೇಕು; ಕೇಳದಿದ್ದರೆ, ಇಲ್ಲಿ ಕನ್ನಡದವರು ಇದ್ದಾರೆಂಬುದು ಅವರಿಗೆ ತಿಳಿಯುವುದಾದರೂ ಹೇಗೆ?

ಇನ್ನು ಅಂಕೆಗಳ ಮಾತು. 1957ರಲ್ಲಿ ನಯೇಪೈಸೆಯ ಲೆಕ್ಕವನ್ನು ನಮ್ಮ ಹಿರಿಯರು ಕಲಿತಂತೆ, ಈ ಲೆಕ್ಕವನ್ನು ನಾವು ಕಲಿಯಬೇಕಾಗಿದೆ. ವೇಗವನ್ನು ಎಂಬಿಪಿಎಸ್ ಎಂಬ ಮಾನದಿಂದ ಅಳೆಯುತ್ತಾರೆ. ಇದರಲ್ಲಿ ಎಣಿಸುವುದು ಬಿಟ್‌ಗಳನ್ನು. ನಾವು ಇಳಿಸಿಕೊಳ್ಳುವ ಪುಸ್ತಕ, ಚಿತ್ರಗಳ ಗಾತ್ರವನ್ನು ಎಣಿಸುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ಆದುದರಿಂದ 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ ಮಾತ್ರ. ಇದನ್ನರಿಯದೆ 'ಮೋಸವಾಯಿತು' ಎಂದು ಜಗಳಕ್ಕೆ ಹೋದವರೂ ಇದ್ದಾರೆ.

ಎಷ್ಟು ವೇಗ ಸಾಕು? ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ಗೊತ್ತುಮಾಡಿತು. ಅದು ಹೆಸರಿಗೆ ಸಾಕಾಗುವಷ್ಟೇ. ಸ್ಪಷ್ಟವಾದ ಚಲಚ್ಚಿತ್ರದ ಪಾಠವೊಂದನ್ನು ನೋಡಲು ಸುಮಾರು 5 ಎಂಬಿಪಿಎಸ್ ಬೇಕು. ಮನೆಯಲ್ಲಿ ಮಗ ಪಾಠ ಕೇಳುವಾಗ, ಮಗಳು ಪರೀಕ್ಷೆಯ ಅರ್ಜಿ ತುಂಬುವಾಗ, ತಾಯಿ ತವರಿನವರ ಮುಖ ನೋಡುತ್ತ ಮಾತನಾಡುವಾಗ, ತಂದೆ ಸಮಾಚಾರ ನೋಡುವಾಗ, ಈ ನಾಲ್ಕನ್ನೂ ಒಮ್ಮೆಗೇ ಕೂಡಿಸಿದರೂ 20 ಮುಟ್ಟುವುದು ಕಷ್ಟ. ಹೀಗಿರಲು 30 ಅಥವಾ 40ರ ಯೋಜನೆ ಸಾಮಾನ್ಯ ಕುಟುಂಬಕ್ಕೆ ಧಾರಾಳವಾಯಿತು. ನೂರಕ್ಕೂ ಇನ್ನೂರಕ್ಕೂ ಹಣ ತೆರುವುದು, ಇಬ್ಬರೇ ಇರುವ ಮನೆಗೆ ಮದುವೆಯ ಹಂಡೆ ಕೊಂಡಂತೆ.

'ಅಪರಿಮಿತ' ಎಂಬ ಶಬ್ದಕ್ಕೂ ಒಂದು ಮಿತಿಯುಂಟು. ಫೈಬರ್ ಯೋಜನೆಗಳಲ್ಲಿ ತಿಂಗಳಿಗೆ 3,300 ಜಿಬಿ ಎಂಬ ಮೇರೆ ಹಲವು ಸಂಸ್ಥೆಗಳಲ್ಲಿ ರೂಢಿಯಾಗಿ ಬಂದಿದೆ. ಅದನ್ನು ದಾಟಿದರೆ ವೇಗವನ್ನು ತಗ್ಗಿಸುತ್ತಾರೆ. ಇದನ್ನು 30ರಿಂದ ಭಾಗಿಸಿದರೆ ದಿನಕ್ಕೆ 110 ಜಿಬಿ. ಸಾಧಾರಣ ಸ್ಪಷ್ಟತೆಯ ಒಂದು ಗಂಟೆಯ ಪಾಠಕ್ಕೆ ಒಂದು ಜಿಬಿಯೂ ಬೇಡವಾದ್ದರಿಂದ ಗೃಹಸ್ಥರಿಗೆ ಈ ಮೇರೆಯ ಭಯವಿಲ್ಲ. ಗಾಳಿಯ ಮೂಲಕ ಬರುವ ಯೋಜನೆಗಳಲ್ಲಿ ಮೇರೆ ಇದಕ್ಕಿಂತ ಕಡಿಮೆ. ಕೇಳಿಯೇ ಸಹಿ ಮಾಡಬೇಕು. ಅಂತೆಯೇ ಇಳಿಸಿಕೊಳ್ಳುವ ವೇಗದ ಜೊತೆಗೆ ಕಳುಹಿಸುವ ವೇಗವನ್ನೂ ಕೇಳಬೇಕು. ಸೀರೆಯ ಬಣ್ಣ, ಅಂಚುಗಳನ್ನು ದೂರದ ಗಿರಾಕಿಗೆ ತೋರಿಸಿ ಮಾರುವ ನೇಕಾರರಿಗೆ ಈ ಎರಡನೆಯದೇ ಮುಖ್ಯ.

ದರವನ್ನು ವರ್ಷದ ಲೆಕ್ಕದಲ್ಲಿ ನೋಡಬೇಕು. ಒಂದು ಉದಾಹರಣೆ ಹೇಳುತ್ತೇವೆ. 2020ರ ಸೆಪ್ಟೆಂಬರಿನಲ್ಲಿ ಜಿಯೋದವರು 30 ಎಂಬಿಪಿಎಸ್ ವೇಗಕ್ಕೆ 399 ರೂಪಾಯಿಗಳೆಂದೂ, ಏರ್‌ಟೆಲಿನವರು 40ಕ್ಕೆ 499 ರೂಪಾಯಿಗಳೆಂದೂ ಮಾಸಿಕ ದರಗಳನ್ನು ಸಾರಿದರು. ಇವುಗಳ ಮೇಲೆ ಶೇಕಡಾ 18ರ ಜಿಎಸ್‌ಟಿ ಬೇರೆ. 399ಕ್ಕೆ ತೆರಿಗೆ ಕೂಡಿದರೆ 470 ರೂಪಾಯಿ 82 ಪೈಸೆ. ವರ್ಷಕ್ಕೆ ಸುಮಾರು 5,650. ಇನ್ನು ಮೊಬೈಲಿನ ಲೆಕ್ಕ. 2024ರ ಜುಲೈಯಲ್ಲಿ ದರಗಳು ಏರಿದಾಗ, ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋ ಯೋಜನೆ 28 ದಿನಕ್ಕೆ 299 ರೂಪಾಯಿಯಾಯಿತು. ವರ್ಷದಲ್ಲಿ 12 ತಿಂಗಳಿದ್ದರೂ 28 ದಿನಗಳ ಕಂತುಗಳು 13 ಬರುತ್ತವೆ. ಆದುದರಿಂದ ಒಂದು ಫೋನಿಗೆ 3,887. ಎರಡು ಫೋನಿಗೆ 7,774 ರೂಪಾಯಿಗಳು. ದರಗಳು ಋತುವಿಗೊಮ್ಮೆ ಬದಲಾದಾವು. ಲೆಕ್ಕ ಹಾಕುವ ಕ್ರಮ ಬದಲಾಗದು. ಮನೆಗೆ ಫೈಬರ್ ಬಂದರೂ ಮಾತನಾಡುವುದಕ್ಕೆ ಫೋನು ಬೇಕೇ ಬೇಕು ಎಂಬುದು ನಿಜ. ಆದರೆ ಮಾತಿಗೂ ಕಿರುಸಂದೇಶಕ್ಕೂ ಮಾತ್ರ ಬೇರೆ ಯೋಜನೆ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, 2024ರ ಡಿಸೆಂಬರಿನಲ್ಲಿ ಕಟ್ಟಳೆ ಮಾಡಿದೆ. ಮನೆಯಲ್ಲೇ ಇರುವ ಹಿರಿಯರ ಫೋನಿಗೆ ಅದನ್ನು ವಿಚಾರಿಸಬಹುದು.

ಹಾಗೆಂದು ಎಲ್ಲರೂ ಫೈಬರ್ ಹಾಕಿಸಬೇಕೆಂದು ನಾವು ಹೇಳುವುದಿಲ್ಲ. ನಾರಾಯಣಪೇಟೆ ಅಥವಾ ಗದ್ವಾಲ ಪಟ್ಟಣದಲ್ಲಿ ಓದುವ ಮಕ್ಕಳು ಇಬ್ಬರೋ ಮೂವರೋ ಇರುವ ಮನೆಗೆ, ಕಂಬದಲ್ಲಿ ಎಳೆ ಇದ್ದರೆ, ಅದೇ ಲೇಸು. ಮಖ್ತಲದ ಸುತ್ತಿನ ಹಳ್ಳಿಯಲ್ಲಿ, ಎಳೆ ಬಾರದ ಕಡೆ, 5ಜಿ ಗೋಪುರ ಹತ್ತಿರವಿದ್ದರೆ ಗಾಳಿಯ ಸಂಪರ್ಕವನ್ನು ಪರೀಕ್ಷಿಸಬಹುದು. ಮೊದಲು ಅದೇ ಸಂಸ್ಥೆಯ ಫೋನನ್ನು ಮಾಳಿಗೆಯ ಮೇಲೆ ಹಿಡಿದು ಬೆಳಿಗ್ಗೆಯೂ ರಾತ್ರಿ ಎಂಟರ ಸುಮಾರಿಗೂ ವೇಗವನ್ನು ಅಳೆದು ನೋಡಿರಿ. ರಾತ್ರಿ ಎಂಟಕ್ಕೆ ಊರೆಲ್ಲ ಒಮ್ಮೆಗೇ ಕೂಡ್ರುವುದರಿಂದ ಸತ್ಯ ಹೊರಬೀಳುವುದು ಆಗಲೇ. ಸುಗ್ಗಿ ಮುಗಿಸಿ ಆರು ತಿಂಗಳು ಪಟ್ಟಣಗಳಿಗೆ ದುಡಿಯಲು ಹೋಗುವ ಕುಟುಂಬಗಳಿಗೆ ಫೋನೇ ಸರಿ. ಬೀಗ ಹಾಕಿದ ಮನೆಗೆ ತಿಂಗಳ ಬಾಡಿಗೆ ಏಕೆ?

ಇಷ್ಟು ಗೊತ್ತಾದ ಮೇಲೆ ಕೂಡಿಕೆಯ ಪರೀಕ್ಷೆ. ಸಂಸ್ಥೆಯ ಪ್ರತಿನಿಧಿಯನ್ನು ಕೇಳುವ ಮೊದಲು ಅದೇ ಕಂಬದಿಂದ ಸಂಪರ್ಕ ಪಡೆದಿರುವ ಎರಡು ಮನೆಗಳನ್ನು ಕೇಳಿ. ಕಳೆದ ಮಳೆಗಾಲದಲ್ಲಿ ಎಷ್ಟು ದಿನ ನಿಂತಿತ್ತು? ಸರಿಪಡಿಸಲು ಬಂದವರು ಊರಿನವರೋ, ಜಿಲ್ಲೆಯಾಚೆಯಿಂದ ಬರುವವರೋ? ಗಾಜಿನ ಎಳೆ ಕಡಿದರೆ ಅದನ್ನು ಬೆಸೆಯಲು ಬೇರೆಯೇ ಯಂತ್ರ ಬೇಕು. ಆ ಯಂತ್ರ ಊರಿನಲ್ಲಿದೆಯೋ ಇಲ್ಲವೋ? ನಾವು 19 ದಿನ ಕಾದದ್ದು ಈ ಒಂದು ಪ್ರಶ್ನೆಯನ್ನು ಕೇಳದ್ದರಿಂದ. ಹತ್ತು ರೂಪಾಯಿ ಹೆಚ್ಚಾದರೂ ಊರಿನಲ್ಲೇ ಇರುವ ದುರಸ್ತಿಯವರು ಯಾವ ಭಿತ್ತಿಪತ್ರದ ಅಂಕೆಗಿಂತಲೂ ಮೇಲು. ಮತ್ತು ಮೊದಲಿಗೇ ವರ್ಷದ ಹಣ ಕಟ್ಟಬೇಡಿ. ಒಂದು ತಿಂಗಳೋ ಮೂರು ತಿಂಗಳೋ ನೋಡಿ, ಆಮೇಲೆ ಮುಂದುವರಿಯಿರಿ. ಯಂತ್ರ ಉಚಿತವೆಂದರೆ, ಸಂಪರ್ಕ ಬಿಡುವಾಗ ಅದನ್ನು ಮರಳಿಸಬೇಕೇ, ಠೇವಣಿ ತಿರುಗಿ ಬರುವುದೇ ಎಂದು ಕೇಳಿ ಬರೆಯಿಸಿಕೊಳ್ಳಿರಿ.

ಮನೆಯೊಳಗಿನ ಮಾತೂ ಇದೆ. ನಮ್ಮ ಹಳೆಯ ಮನೆಗಳ ಕಲ್ಲುಗೋಡೆ ಮೊಳದಗಲ. ವೈ-ಫೈ ಯಂತ್ರದ ಅಲೆಗಳಲ್ಲಿ 2.4 ಗಿಗಾಹರ್ಟ್ಸಿನದು ನಿಧಾನವಾದರೂ ಗೋಡೆಯನ್ನು ಹೆಚ್ಚು ಹಾಯುತ್ತದೆ. 5 ಗಿಗಾಹರ್ಟ್ಸಿನದು ವೇಗವಾದರೂ ಹತ್ತಿರಕ್ಕೇ ಸರಿ. ಪಡಸಾಲೆಯ ಕಪಾಟಿನಲ್ಲಿ ಯಂತ್ರವನ್ನು ಮುಚ್ಚಿಟ್ಟು, ಒಳಕೋಣೆಯಲ್ಲಿ ಮಗು ಓದಲು ಕುಳಿತರೆ, ದೋಷ ಸಂಸ್ಥೆಯದಲ್ಲ. ಯಂತ್ರ ಮನೆಯ ನಡುವೆ, ಎತ್ತರದಲ್ಲಿ, ಬಯಲಾಗಿ ಇರಲಿ. ಇನ್ನೊಂದು ಸಂಗತಿ: ಹಿಂದಿನ ಟೆಲಿಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿದ್ದುದರಿಂದ ಮನೆಯ ಕರೆಂಟು ಹೋದರೂ ಅದು ಉಲಿಯುತ್ತಿತ್ತು. ಗಾಜಿನಲ್ಲಿ ವಿದ್ಯುತ್ತು ಹರಿಯದು. ಮನೆಯ ಯಂತ್ರಕ್ಕೆ ನಾವೇ ಕರೆಂಟು ಕೊಡಬೇಕು. ಅದು ನುಂಗುವ ವಿದ್ಯುತ್ತು ಅತ್ಯಲ್ಪವಾದ್ದರಿಂದ, ಅದಕ್ಕೆಂದೇ ಇರುವ ಚಿಕ್ಕ ಬ್ಯಾಟರಿ ಪೆಟ್ಟಿಗೆಯೊಂದು ಪರೀಕ್ಷೆಯ ದಿನಗಳಲ್ಲಿ ಬಹಳ ಉಪಕಾರಿ.

ಇಷ್ಟಾದರೂ ಕೆಟ್ಟರೆ ಏನು ಮಾಡಬೇಕು? ದೂರು ಕೊಟ್ಟಾಗ ಕೊಡುವ ಸಂಖ್ಯೆಯನ್ನು ತಾರೀಖು ಸಹಿತ ಬರೆದಿಡಬೇಕು. ಅದಿಲ್ಲದ ದೂರು ದೂರಲ್ಲ. ಟ್ರಾಯ್ ಸಂಸ್ಥೆ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ಆದರೆ ಅದು 2012ರಲ್ಲಿ ಮಾಡಿದ ನಿಯಮದಂತೆ ಪ್ರತಿಯೊಂದು ಸಂಸ್ಥೆಯಲ್ಲಿಯೂ ಮೇಲ್ಮನವಿ ಕೇಳುವ ವ್ಯವಸ್ಥೆ ಇರಬೇಕು. ದೂರಿಗೆ ಪರಿಹಾರ ದೊರೆಯದಿದ್ದರೆ 30 ದಿನಗಳೊಳಗೆ ಶುಲ್ಕವಿಲ್ಲದೆ ಅಲ್ಲಿ ಮನವಿ ಸಲ್ಲಿಸಬಹುದು. ಅದನ್ನು 39 ದಿನಗಳೊಳಗೆ ತೀರ್ಮಾನಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಸಂಪರ್ಕದ ದೂರುಗಳನ್ನು ಗ್ರಾಹಕ ನ್ಯಾಯಪೀಠಗಳೂ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ಬಡವರಿಗೆ ಕಾಯಿದೆ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಬರೆದಿಡುವ ಅಭ್ಯಾಸವೊಂದು ಬೇಕು.

ಮಹನೀಯರೇ, ಇದೆಲ್ಲವೂ ಮನೆವಾರ್ತೆಯ ಮಾತಾಯಿತು. ಇದಕ್ಕೂ ಕನ್ನಡಕ್ಕೂ ಏನು ಸಂಬಂಧ? 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನದ ಜಿಲ್ಲೆಗಳನ್ನು ಭಾಷೆಯ ಪ್ರಕಾರ ಹಂಚಿದಾಗ ನಮ್ಮ ಊರುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ಬಂದಿತು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲೆಗಳಾದವು. ಗಡಿಗಳು ಹೀಗೆ ಬದಲಾಗುತ್ತ ಬಂದರೂ ಮನೆಯ ಮಾತು ಉಳಿದು ಬಂದಿದೆ. ತೆಲುಗಿನೊಡನೆ ನಮಗೆ ವಿರಸವಿಲ್ಲ. ಅದು ನಮ್ಮ ಸಂತೆಯ, ಸ್ನೇಹದ ಭಾಷೆ. ಆದರೆ ಕನ್ನಡದಲ್ಲಿ ಓದುವ ನಮ್ಮ ಮಗುವಿಗೆ ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುವುದು ದುರ್ಲಭ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ, ಕರ್ನಾಟಕದಲ್ಲಿ ಚಂದನ ವಾಹಿನಿಯಿಂದ ಪ್ರಸಾರವಾದ ಕನ್ನಡ ಪಾಠಗಳನ್ನು ನಮ್ಮ ಕೆಲವು ಮಕ್ಕಳು ನೋಡಿ ಕಲಿತರು. ಪಠ್ಯ ಬೇರೆಯಾದರೂ ಗಣಿತ ಒಂದೇ, ಮಾತು ತಮ್ಮದೇ. 2003ರಿಂದ ಬೆಳೆದುಬಂದಿರುವ ಕನ್ನಡ ವಿಕಿಪೀಡಿಯ, ಗ್ರಂಥಾಲಯಗಳ ಹಳೆಯ ಪುಸ್ತಕಗಳ ಪ್ರತಿಗಳು, ಕನ್ನಡ ಪತ್ರಿಕೆಗಳು, ಇವೆಲ್ಲ ಗಡಿಯ ತನಿಖೆಯಿಲ್ಲದೆ ಆ ಗಾಜಿನ ಎಳೆಯಲ್ಲಿ ಬರುತ್ತವೆ. ಬೆಂಗಳೂರಿನ ಮಗುವಿಗೆ ಅಂತರ್ಜಾಲವು ಹಲವು ಅನುಕೂಲಗಳಲ್ಲಿ ಒಂದು. ನಮ್ಮ ಮಗುವಿಗೆ ಅದು ಕನ್ನಡ ನಾಡಿಗೆ ತೆರೆದಿರುವ ಕಿಟಕಿ.

ಹಿಂದೆ ಊರಿಗೆಲ್ಲ ಒಂದೇ ರೇಡಿಯೋ ಇದ್ದಾಗ ಚಾವಡಿಯಲ್ಲಿ ಕೂಡಿ ಕೇಳುತ್ತಿದ್ದರಂತೆ. ಪ್ರತಿಯೊಂದು ಮನೆಗೂ ಸಂಪರ್ಕ ಬರುವವರೆಗೆ ನಮ್ಮ ವಾಚನಾಲಯವೇ ಆ ಚಾವಡಿಯಾಗಲಿ. ಈಗ ಅಲ್ಲಿ ತಿಂಗಳ ಲೆಕ್ಕದಲ್ಲಿ ಹಣ ಕಟ್ಟುವ, 40 ಎಂಬಿಪಿಎಸ್ಸಿನ ಸಾಧಾರಣ ಯೋಜನೆಯಿದೆ. ಅದನ್ನು ನೋಡಿಕೊಳ್ಳುವ ತರುಣ ಎರಡು ಓಣಿಯಾಚೆ ಇದ್ದಾನೆ. ಗೋಡೆಗೆ ಒಂದು ದೂರಿನ ಪುಸ್ತಕವನ್ನು ಕಟ್ಟಿದ್ದೇವೆ. ತಂತಿ ನಿಂತ ದಿನ, ದೂರಿನ ಸಂಖ್ಯೆ, ಸರಿಯಾದ ದಿನ, ಎಲ್ಲವನ್ನೂ ಅದರಲ್ಲಿ ಬರೆಯುತ್ತೇವೆ. ಕಳೆದ ಮಳೆಗಾಲದಲ್ಲಿ ಎರಡು ಸಲ ನಿಂತಿತು. ಎರಡು ಸಲವೂ ಮರುದಿನ ಸರಿಹೋಯಿತು. ಅರ್ಜಿಗಳ ಕೊನೆಯ ದಿನಾಂಕಗಳನ್ನು ಹಲಗೆಯ ಮೇಲೆ ಬರೆಯುವ ಕೆಲಸವನ್ನು ಒಬ್ಬ ವಿದ್ಯಾರ್ಥಿನಿ ವಹಿಸಿಕೊಂಡಿದ್ದಾಳೆ. ಆಕೆ ಯಾರೆಂಬುದನ್ನು ಹೇಳಬೇಕಾಗಿಲ್ಲ. ಈಗ ಆಕೆ ಕಾಲೇಜಿನಲ್ಲಿ ಓದುತ್ತಿದ್ದಾಳೆ. ತನಗೆ ತಪ್ಪಿದ್ದು ಮತ್ತೊಬ್ಬರಿಗೆ ತಪ್ಪಬಾರದೆಂದು ಶನಿವಾರಕ್ಕೊಮ್ಮೆ ಬಂದು ಹಲಗೆ ಒರೆಸಿ ಹೊಸದಾಗಿ ಬರೆಯುತ್ತಾಳೆ.

ತಾವು ಮನೆಗೆ ಸಂಪರ್ಕ ಪಡೆಯುವ ಮುನ್ನ ವಾಚನಾಲಯಕ್ಕೆ ಬನ್ನಿರಿ. ಪ್ರಶ್ನೆಗಳ ಪಟ್ಟಿಯನ್ನು ಬರೆದುಕೊಡುತ್ತೇವೆ, ಬೇಕಾದರೆ ಜೊತೆಗೂ ಬರುತ್ತೇವೆ.